ಅರುಂಧತಿ ತೋರಿಸುವ ಆಪ್

ತನಗೆ ಅರುಂಧತಿ ಕಾಣುವುದಿಲ್ಲ ಎಂದು ಲಿಖಿತ ತನಗೆ ತಾನೇ ಒಪ್ಪಿಕೊಂಡದ್ದು ಬಂಗಾರಪೇಟೆಯ ಬಸ್ ನಿಲ್ದಾಣದಲ್ಲಿ. ಆಂಡರ್ಸನ್‌ಪೇಟೆಯ ಬಸ್ಸು ಎದುರಿಗೇ ನಿಂತಿತ್ತು. ಬೋರ್ಡು ಓದಲಾಗದೆ, ಪಕ್ಕದಲ್ಲಿ ಹೂವಿನ ಮಂಕರಿ ಇಟ್ಟುಕೊಂಡಿದ್ದ ಹೆಂಗಸನ್ನು ಕೇಳಿದಳು. "ಅಷ್ಟು ದಪ್ಪ ಬರ್ದವ್ರಲ್ಲಮ್ಮ, ನಂಗೇ ಕಾಣ್ತದೆ" ಎಂದು ಅವಳು ನಕ್ಕಳು. ಆಗ ಆ ಮಾತು ಲಿಖಿತಳ ಮನಸ್ಸಿನಲ್ಲಿ ತಾನಾಗಿ ಎದ್ದು ಕೂತಿತು. ಬಸ್ಸಿನ ಬೋರ್ಡೇ ಕಾಣದವಳಿಗೆ ನಕ್ಷತ್ರ ಕಂಡೀತೆ? ಹೋದ ವರ್ಷದ ಬೇಸಿಗೆಯಿಂದ ಕಂಡವಳ ಹಾಗೆ ತಲೆಯಾಡಿಸಿಕೊಂಡೇ ಬಂದಿದ್ದಾಳೆ. ಈಗ ನೋಡಿದರೆ, ನಕ್ಷತ್ರ ತೋರಿಸುವ ಆಪ್ ಯಾವುದು ಒಳ್ಳೆಯದೆಂದು ಆರಿಸುವ ಕೆಲಸ ಅವಳ ತಲೆಗೇ ಬಿದ್ದಿದೆ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತು, ನಿಂತಲ್ಲೇ ಕಣ್ಣು ಮುಚ್ಚಿದಳು. ಬೆಳಿಗ್ಗೆ ಎದ್ದು ಹಸುವಿನ ಕೆಳಗೆ ಗುಡಿಸಿ, ಹಾಲು ಡೈರಿಗೆ ಹಾಕಿ, ಬೂದಿಕೋಟೆ ರಸ್ತೆಯಲ್ಲಿ ಒಂದು ಬಸ್ಸು ಹಿಡಿದು, ಇಲ್ಲಿ ಇನ್ನೊಂದು ಹಿಡಿದು, ಸಂಜೆ ಮತ್ತೆ ಅದೇ ದಾರಿ. ಬಿ.ಎಸ್ಸಿ. ಮುಗಿಸಿ ಎರಡನೇ ವರ್ಷ ನಡೆಯುತ್ತಿತ್ತು. ಆಯಾಸ ಎನ್ನುವುದು ಮೈಗೆ ಬಂದು ಹೋಗುವಂಥದ್ದಾಗಿರಲಿಲ್ಲ, ಮನೆಯವರಲ್ಲಿ ಒಬ್ಬರಂತೆ ಒಳಗೇ ಇರುತ್ತಿತ್ತು.

ಕಣ್ಣಿನ ವಿಷಯ ಹೊಸದೇನಲ್ಲ. ಕೊನೆಯ ವರ್ಷದಲ್ಲಿ ಕಾಲೇಜಿಗೆ ಬಂದ ಕಣ್ಣಿನ ಡಾಕ್ಟರು ದೂರದ ನೋಟ ಮಂದ, ಕನ್ನಡಕ ಬೇಕು ಎಂದು ಹೇಳಿಯೇ ಹೋಗಿದ್ದರು. ಅಮ್ಮ ಮುನಿನಾರಾಯಣಮ್ಮ ಒಪ್ಪಲಿಲ್ಲ. "ಈಗ್ಲೇ ಕನ್ನಡ್ಕ ಆಕ್ಕೊಂಡು ಕೂತ್ರೆ ಗಂಡಿನ ಕಡೆಯೋರು ಕಣ್ಣು ಸರಿಯಿಲ್ಲ ಅಂತಾರೆ. ಮದ್ವೆ ಒಂದಾಗ್ಲಿ, ಆಮೇಲೆ ಎರಡ್ ಕಣ್ಣಲ್ಲ, ನಾಕ್ ಕಣ್ಣು ಆಕ್ಕೊಳ್ಳೇ." ಲಿಖಿತ ಎದುರು ಮಾತಾಡಲಿಲ್ಲ. ಮಾತಾಡಬೇಕಾದ ಕಡೆ ಮಾತಾಡದೆ ಇರುವುದು ಅವಳಿಗೆ ಉಸಿರಾಟದಷ್ಟೇ ಅಭ್ಯಾಸವಾಗಿತ್ತು. ರಾತ್ರಿ ಮಲಗುವ ಮುಂಚೆ ದಿನಚರಿಯಲ್ಲಿ ಹತ್ತು ಸಾಲು ಬರೆಯುತ್ತಿದ್ದಳು. ಅದರಲ್ಲೂ ಕಣ್ಣಿನ ಸುದ್ದಿ ಬರೆದಿರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಆಂಡರ್ಸನ್‌ಪೇಟೆಯಲ್ಲಿ ಪೆರುಮಾಳನ ಅಂಗಡಿಯಲ್ಲಿ. ಮುಂದುಗಡೆ ಮೊಬೈಲ್ ರಿಪೇರಿ, ಹಿಂದುಗಡೆ ಜೆರಾಕ್ಸು, ಒಂದು ಕಂಪ್ಯೂಟರು. ಆ ಕಂಪ್ಯೂಟರಿನ ಎದುರು ಲಿಖಿತ. ಪೆನ್ಷನ್ನು, ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು ಎಂದು ಬಂದವರಿಗೆಲ್ಲ ಅರ್ಜಿ ಹಾಕಿಕೊಡುವುದು. ಹತ್ತಿರದ ಪರದೆಯಾದ್ದರಿಂದ ಅಲ್ಲಿ ಕಣ್ಣು ಕೈ ಕೊಡುತ್ತಿರಲಿಲ್ಲ.

ಶನಿವಾರ ಸಂಜೆ ಅಂಗಡಿಯ ಮಾಳಿಗೆಯ ಮೇಲೆ ನಕ್ಷತ್ರ ನೋಡಲು ನಾಲ್ಕಾರು ಜನ ಸೇರುತ್ತಿದ್ದರು. ರಿಟೈರಾದ ವಿಜ್ಞಾನದ ಮೇಷ್ಟ್ರು ರಾಮಚಂದ್ರಪ್ಪನವರು ಕಟ್ಟಿದ ಬಳಗ ಅದು. ಬೈನಾಕ್ಯುಲರ್ ಒಂದಿತ್ತು, ಅದರ ಒಂದು ಕಡೆಯ ಗಾಜಿಗೆ ಬೂಸು ಹಿಡಿದಿತ್ತು. ಅಂಗಡಿ ಹುಡುಗಿ ಹೇಗೂ ಬಸ್ಸಿಗೆ ಕಾಯುತ್ತಾಳೆ, ಮೇಲೆ ಬರಲಿ ಎಂದು ಕರೆದಿದ್ದರು. ಅಷ್ಟೇ. ಆದರೆ ಅಲ್ಲಿ ಯಾರೂ ಅವಳನ್ನು 'ಯಾಕಮ್ಮ ಮೌನ' ಎಂದು ಕೇಳುತ್ತಿರಲಿಲ್ಲ. ಕತ್ತಲಲ್ಲಿ ಎಲ್ಲರೂ ಮೇಲೆ ನೋಡುತ್ತಿರುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ವಾರವಿಡೀ ಅವಳು ಕಾಯುತ್ತಿದ್ದದ್ದು ಆ ಒಂದು ಹೊತ್ತಿಗೆ.

ಹೋದ ವರ್ಷ ಮೊದಲ ಸಲ ಮೇಷ್ಟ್ರು ಸಪ್ತರ್ಷಿಗಳನ್ನು ತೋರಿಸಿ, "ಬಾಲದಲ್ಲಿ ಮೂರಿವೆ ನೋಡು, ಮಧ್ಯದ್ದು ವಸಿಷ್ಠ. ಅದಕ್ಕೆ ಅಂಟಿಕೊಂಡ ಹಾಗೆ ಪುಟ್ಟದೊಂದು ಅದೆ, ಅದೇ ಅರುಂಧತಿ. ಹಳೇ ಕಾಲದ ಕಣ್ಣಿನ ಪರೀಕ್ಷೆ ಇದು" ಎಂದಿದ್ದರು. ಲಿಖಿತ ನೋಡಿದಳು. ಬಾಲದ ಜಾಗದಲ್ಲಿ ಸುಣ್ಣದ ಕೈ ತಾಗಿದ ಹಾಗೆ ಏನೋ ಒಂದು ಮಬ್ಬು. ಪಕ್ಕದಲ್ಲಿ ಪೆರುಮಾಳ ಅವನ ಭಾಷೆಯಲ್ಲೇ ಕೇಳಿದ: "ತೆರಿಯುದಾಮ್ಮಾ?"

"ತೆರಿಯುದು ಅಣ್ಣಾ" ಅಂದುಬಿಟ್ಟಳು.

ಆಮೇಲೆ ಬಸ್ಸಿನಲ್ಲಿ ಕೂತು ಸಮಾಧಾನ ಮಾಡಿಕೊಂಡಿದ್ದಳು. ತಮಿಳಿನಲ್ಲಿ ಕಾಣುವುದಕ್ಕೂ ತಿಳಿಯುವುದಕ್ಕೂ ಒಂದೇ ಮಾತು. ಅರುಂಧತಿ ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ತಿಳಿದಿತ್ತು, ಪುಸ್ತಕ ನೋಡಿ ಗೆರೆ ಎಳೆದು ಕಲಿತಿದ್ದಳು. ಹಾಗಾದರೆ ಸುಳ್ಳೇನು ಬಂತು? ಮುಂದಿನ ಶನಿವಾರಗಳಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಕನ್ನಡದಲ್ಲಿ ಯಾರಾದರೂ ಕೇಳಿದರೂ ಅವಳು ನಗುನಗುತ್ತ ತಮಿಳಿನಲ್ಲೇ ಹೇಳುತ್ತಿದ್ದಳು. "ಬೂದಿಕೋಟೆ ಹುಡುಗಿ ಕೋಲಾರ್ ಗೋಲ್ಡ್‌ಫೀಲ್ಡಿಗೆ ಬಂದು ತಮಿಳಚ್ಚಿ ಆಗೋದ್ಲು" ಎಂದು ಎಲ್ಲರೂ ಛೇಡಿಸುತ್ತಿದ್ದರು.

ಆಪ್‌ನ ತಂಟೆ ಶುರುವಾದದ್ದು ಈ ವರ್ಷ. ಬಳಗದವರ ಫೋನುಗಳಲ್ಲಿ ಒಬ್ಬೊಬ್ಬರದು ಒಂದೊಂದು ಆಕಾಶ. ಬಚ್ಚಪ್ಪನ ಫೋನು ಗುರು ಎಂದದ್ದನ್ನು ಪೆರುಮಾಳನ ಫೋನು ಯಾವುದೋ ಇಂಗ್ಲಿಷ್ ಹೆಸರಿನ ನಕ್ಷತ್ರ ಎನ್ನುತ್ತಿತ್ತು. ಬಚ್ಚಪ್ಪ ಲಿಖಿತಳ ಊರಿನವನೇ, ಹಾಲಿನ ಡೈರಿಯ ಸೆಕ್ರೆಟರಿ. ಫೋನು ರಿಪೇರಿಗೆ ಬಂದವನು ಮಾಳಿಗೆ ಹತ್ತಿ ಬಳಗಕ್ಕೆ ಅಂಟಿಕೊಂಡಿದ್ದ. ಶನಿವಾರ ತಡವಾದರೆ ಲಿಖಿತಳನ್ನು ತನ್ನ ಟಿವಿಎಸ್‌ನಲ್ಲಿ ಊರಿಗೆ ಕರೆದೊಯ್ಯುತ್ತಿದ್ದವನೂ ಅವನೇ.

"ಲೇ ಪೆರುಮಾಳ, ನಿನ್ ಫೋನ್ ಎಲ್ಲೋ ಬೊಂಬಾಯಿ ಆಕಾಶ ತೋರುಸ್ತಾ ಅದೆ ಕಣ್ಲಾ."

"ಬಾಂಬೆ ಇಲ್ಲ ಬಚ್ಚಣ್ಣ. ಊರು ಹಾಕಿದೀನಿ, ಎತ್ತರಾನೂ ಹಾಕಿದೀನಿ."

ಮೇಷ್ಟ್ರು ಫೋನು ಇಸಕೊಂಡು ನೋಡಿದರು. ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರ ಎಂದು ಕೇಳುವ ಜಾಗದಲ್ಲಿ ಪೆರುಮಾಳ ಮುಂದೆ ಮೈನಸ್ ಇಟ್ಟು ಅಂಕಿ ಬರೆದಿದ್ದ. ಅವನ ಅಪ್ಪ ಗಣಿಯಲ್ಲಿದ್ದವನು. ಅವರ ಮನೆಯಲ್ಲಿ ಹುಟ್ಟಿದಾಗಿನಿಂದ ಅವನು ಕೇಳಿದ ಮೀಟರುಗಳೆಲ್ಲ ಕೆಳಕ್ಕೆ ಹೋಗುವಂಥವು.

"ಅಯ್ಯೋ ಮಾರಾಯ, ನಕ್ಷತ್ರ ನೋಡಕ್ಕೆ ಗಣಿ ಶಾಫ್ಟಿಗೆ ಇಳಿಸಿದ್ದೀಯಲ್ಲೋ ನಮ್ಮನ್ನ!" ಎಂದು ಮೇಷ್ಟ್ರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು ಮುಗಿದ ಮೇಲೆ ಲಿಖಿತಳ ಕಡೆ ತಿರುಗಿ, "ಇದು ಹಿಂಗಾದರೆ ಆಗಲ್ಲ. ಎಲ್ಲರೂ ಒಂದೇ ಆಪ್ ಇಟ್ಟುಕೊಳ್ಳಬೇಕು. ನೀನು ಡಿಗ್ರಿ ಓದಿದವಳು, ಎಲ್ಲಾ ಹಾಕಿ ನೋಡಿ ಒಂದು ಹೇಳು. ನೀನು ಹೇಳಿದ್ದೇ" ಎಂದರು.

ಅಂದಿನಿಂದ ಸಂಜೆಯಾದರೆ ಅದೇ ಕೆಲಸ. ಹಸುವಿಗೆ ಮೇವು ಹಾಕಿ, ಮನೆಯ ಹಿಂದಿನ ಹುಲ್ಲಿನ ಮೆದೆಗೆ ಒರಗಿ ಫೋನು ಎತ್ತಿ ಹಿಡಿಯುವುದು. ಕತ್ತು ಸೆಟೆದುಕೊಳ್ಳುತ್ತಿತ್ತು. ಒಂದು ಆಪ್ ರೋಹಿಣಿಯನ್ನು ತೋರಿಸುವ ನಡುವೆ 'ನಿಮ್ಮ ರಾಶಿಗೆ ಯಾವ ಹರಳು?' ಎಂದು ಕಿರುಚಿದ್ದಕ್ಕೆ ಕೊಟ್ಟಿಗೆಯಲ್ಲಿ ಹಸು ಬೆದರಿ ಎದ್ದಿತು. ಇನ್ನೊಂದು ಚಂದವಾಗಿತ್ತು, ಆದರೆ ನೆಟ್‌ವರ್ಕ್ ಇಲ್ಲದಿದ್ದರೆ ಕಪ್ಪು ಪರದೆ. ಅವರ ಊರಿನಲ್ಲಿ ನೆಟ್‌ವರ್ಕ್ ಸಿಗಬೇಕೆಂದರೆ ನೀರಿನ ಟ್ಯಾಂಕಿನ ಹತ್ತಿರ ಹೋಗಬೇಕು. ಹೀಗೆ ತೆಗೆದು ಬಿಸಾಕುತ್ತ ಕಡೆಗೆ ಎರಡು ಉಳಿದವು.

ಒಂದಕ್ಕೆ ಅವಳೇ ಮನಸ್ಸಿನಲ್ಲಿ 'ನಕ್ಷೆ' ಎಂದು ಹೆಸರಿಟ್ಟಿದ್ದಳು. ಬಿಟ್ಟಿ ಸಿಗುವಂಥದ್ದು, ಜಾಹೀರಾತಿಲ್ಲ, ಹಳೇ ಫೋನಿನಲ್ಲೂ ಓಡುತ್ತದೆ, ಹೆಸರುಗಳು ಕನ್ನಡದಲ್ಲಿ. ಆದರೆ ಅದು ಬರೀ ನಕ್ಷೆ. ಊರು, ಹೊತ್ತು ಹಾಕಿ, ದಿಕ್ಕು ನಾವೇ ಹೊಂದಿಸಿಕೊಂಡು, ಒಮ್ಮೆ ಕೆಳಗೆ ನೋಡಿ ಒಮ್ಮೆ ಮೇಲೆ ನೋಡಿ ನಾವೇ ಹುಡುಕಬೇಕು. ಇನ್ನೊಂದು 'ತಿರುಗೋದು'. ಫೋನು ಯಾವ ಕಡೆ ತಿರುಗಿಸಿದರೆ ಆ ಕಡೆಯ ಹೆಸರುಗಳು ತಾವಾಗಿ ತೇಲಿ ಬರುತ್ತವೆ. ಹೆಸರು ಬರೆದರೆ ಹಸಿರು ಬಾಣ ದಾರಿ ತೋರಿಸಿ, ಸಿಕ್ಕ ಮೇಲೆ ಸುತ್ತ ಒಂದು ಉಂಗುರ ಬರೆಯುತ್ತದೆ. ಮೇಲೆ ನೋಡುವ ಅಗತ್ಯವೇ ಬೀಳುವುದಿಲ್ಲ.

ಅದರ ದೋಷವೂ ಅವಳಿಗೆ ಗೊತ್ತಿತ್ತು. ಒಂದು ಸಂಜೆ ಪೆರುಮಾಳನ ಮಾಳಿಗೆಯಲ್ಲಿ ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿನ ಪಕ್ಕ ನಿಂತು ನೋಡಿದಾಗ ಅದು ಚಂದ್ರನನ್ನೇ ತೆಗೆದುಕೊಂಡು ಹೋಗಿ ಬೇತಮಂಗಲದ ಕಡೆ ಇಟ್ಟಿತ್ತು. ಚಂದ್ರ ಮಾತ್ರ ಅವಳಿಗೂ ಕಾಣುವಷ್ಟು ದೊಡ್ಡದಾಗಿ ಬೆನ್ನ ಹಿಂದೆ ಇದ್ದ. "ಕಬ್ಬಿಣ ಇದ್ರೆ ಹಂಗೇನೆ, ಒಳಗೆ ದಿಕ್ಸೂಚಿ ತಪ್ಪಿ ಹೋಗುತ್ತೆ. ಗಾಳೀಲಿ ಎಂಟು ಬರಿ, ಸರಿಹೋಗುತ್ತೆ" ಎಂದು ಪೆರುಮಾಳ ಫೋನು ಹಿಡಿದು ಮಂಗಳಾರತಿ ಎತ್ತಿದ ಹಾಗೆ ಆಡಿಸಿದ್ದ. ಸರಿಹೋಗಿರಲಿಲ್ಲ.

ಆದರೂ ಆ ಶನಿವಾರ ಮೇಷ್ಟ್ರು ಕೇಳಿದಾಗ ಅವಳು ಹೇಳಿದ್ದು, "ತಿರುಗೋದೇ ಒಳ್ಳೇದು ಸಾರ್."

"ನಕ್ಷೇನೂ ಚೆನ್ನಾಗದೆ ಅಂದಿದ್ದೆ?"

"ಇದು ಸುಲಭ ಸಾರ್. ಎಲ್ಲರಿಗೂ... ಕಬ್ಬಿಣದ ಹತ್ತಿರ ಮಾತ್ರ..." ಎನ್ನುವಷ್ಟರಲ್ಲಿ ಬಚ್ಚಪ್ಪನ ಫೋನು ಬಡಿದುಕೊಂಡಿತು, ಅವನು ಹಾಲಿನ ಲಾರಿಯವನಿಗೆ ಬೈಯತೊಡಗಿದ. ಅವಳ ಮಾತು ಅಲ್ಲೇ ಉಳಿಯಿತು. ಯಾರೂ ಕೇಳಲಿಲ್ಲ, ಅವಳೂ ಮತ್ತೆ ಎತ್ತಲಿಲ್ಲ. ಫೋನು ಇಟ್ಟ ಬಚ್ಚಪ್ಪ ಇನ್ನೊಂದು ಸುದ್ದಿ ತೆಗೆದ.

"ಮೇಷ್ಟ್ರೇ, ನಮ್ ಶ್ಯಾಮಲನ ಮದ್ವೆ ಗೊತ್ತಾಯ್ತಲ್ಲ. ಮದ್ವೇಲಿ ಅರುಂಧತಿ ತೋರುಸ್ತಾರಲ್ಲ, ಮಟಮಟ ಮಧ್ಯಾಹ್ನ! ಐನೋರು ಬಿಸ್ಲಿಗೆ ಬೆರಳು ತೋರ್ಸೋದು, ಗಂಡೂ ಹೆಣ್ಣೂ ಕಣ್ ಕಿರಿದು ಮಾಡ್ಕೊಂಡು ಕಂಡೆವು ಕಂಡೆವು ಅನ್ನೋದು. ನನ್ ಮದ್ವೇಲೂ ಹಂಗೇ ಅಂದೆ, ಕಂಡಿದ್ದು ಚಪ್ಪರದ ಗಳ. ನನ್ ಮಗಳಿಗೆ ನಿಜವಾದ ಅರುಂಧತೀನೇ ತೋರುಸ್ತೀನಿ. ರಿಸೆಪ್ಷನ್ ದಿನ ಸಂಜೆ, ಛತ್ರದ ಮಾಳಿಗೆ ಮ್ಯಾಲೆ. ನಮ್ ಬಳಗದ ಆಪು, ನಮ್ ಲಿಖಿತಾನೇ ತೋರಿಸ್ಲಿ."

ಎಲ್ಲರೂ ಭಲೇ ಎಂದರು. ಲಿಖಿತ ಬೈನಾಕ್ಯುಲರಿನ ಬೂಸು ಹಿಡಿದ ಗಾಜನ್ನು ಒರೆಸತೊಡಗಿದಳು.

ಮದುವೆಗೆ ಮುಂಚೆ ಶ್ಯಾಮಲ ಒಂದು ಸಂಜೆ ಹಾಲು ಹಾಕಲು ಬಂದವಳು ಲಿಖಿತಳನ್ನು ಡೈರಿಯ ಹಿಂದಕ್ಕೆ ಎಳೆದುಕೊಂಡು ಹೋದಳು. ಲಿಖಿತಳಿಗಿಂತ ಎರಡು ವರ್ಷ ದೊಡ್ಡವಳು, ಊರಲ್ಲಿ ಎಲ್ಲರನ್ನೂ ಆಡಿಕೊಳ್ಳುವವಳು. ಅವತ್ತು ಮುಖ ಸಣ್ಣಗಿತ್ತು.

"ಲಿಖೀ, ಅಪ್ಪ ಏನೋ ಮಾಡಕ್ಕೋಗಿ ಏನೋ ಮಾಡ್ತಾ ಅವ್ರೆ. ಮಧ್ಯಾಹ್ನ ಆದ್ರೆ ಯಾರ್ಗೂ ಕಾಣಲ್ಲ, ಸರಿಹೋಯ್ತು. ಸಂಜೆ ನಿಜವಾಗ್ಲೂ ಇದ್ದು ನಂಗೆ ಕಾಣ್ದಿದ್ರೆ? ಅರುಂಧತಿ ಕಾಣ್ದೋರು ಆರು ತಿಂಗ್ಳೂ ಬದುಕಲ್ಲ ಅಂತ ನಮ್ಮತ್ತೆ ಆಗೋ ಪಾಪಕ್ಕ ಈಗಾಗ್ಲೇ ಎರಡ್ ಸಲ ಅಂದವ್ರೆ. ಅವ್ರಿಗೆ ಅದ್ರಲ್ಲೆಲ್ಲ ಬಾಳ ನಂಬ್ಕೆ."

"ಆಪ್ ತೋರುಸ್ತದಕ್ಕ. ಉಂಗುರ ಬರೀತದೆ."

"ನಿಂಗೆ ಕಾಣ್ತದಾ?"

ಲಿಖಿತ ಕ್ಯಾನಿನ ಮುಚ್ಚಳ ತಿರುಗಿಸುತ್ತ, "ತೆರಿಯುದು" ಎಂದಳು. ಶ್ಯಾಮಲ ಅವಳ ತಲೆಗೊಂದು ಮೊಟಕಿ, "ನಿನ್ ತಮಿಳಿಗಿಷ್ಟು" ಎಂದು ನಕ್ಕು ಹೋದಳು. ನಿರಾಳವಾಗಿ ಹೋದಳು. ಅದು ಲಿಖಿತಳಿಗೆ ಇನ್ನಷ್ಟು ಭಾರವಾಯಿತು.

ರಿಸೆಪ್ಷನ್ ದಿನ ಬಂಗಾರಪೇಟೆಯ ಛತ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುನಿನಾರಾಯಣಮ್ಮ ಮಗಳಿಗೆ ತನ್ನ ರೇಷ್ಮೆ ಸೀರೆ ಉಡಿಸಿ, ತಾನು ಹಸಿರು ಸೀರೆ ಉಟ್ಟು, ಕಿವಿಯಲ್ಲಿ ಹೇಳಿದ್ದಳು: "ಬೇತಮಂಗಲದೋರು ಬಂದವ್ರೆ, ನಿನ್ನ ನೋಡ್ಕೊಂಡು ಓಗ್ಬೇಕು ಅಂತ. ಯಾರ್ನ ನೋಡುವಾಗ್ಲೂ ಕಣ್ಣು ಕಿರಿದು ಮಾಡ್ಬೇಡ. ಮಾಡಿದ್ರೆ ಗೊತ್ತಾಗೋಗ್ತದೆ." ಹೀಗಾಗಿ ಲಿಖಿತ ಸಂಜೆಯಿಂದ ಕಣ್ಣು ಅಗಲ ಬಿಟ್ಟುಕೊಂಡು, ಏನೂ ಕಾಣದೆ, ಎಲ್ಲರಿಗೂ ನಮಸ್ಕಾರ ಮಾಡುತ್ತ ಓಡಾಡಿದಳು.

ಕತ್ತಲು ಕವಿಯುತ್ತಲೇ ಬಚ್ಚಪ್ಪ ಎಲ್ಲರನ್ನೂ ಮಾಳಿಗೆಗೆ ಹೊರಡಿಸಿದ. ರಾಮಚಂದ್ರಪ್ಪ ಮೇಷ್ಟ್ರು ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟರು. "ನನ್ನ ಮಂಡಿ ಕೇಳಲ್ಲಮ್ಮ. ನೀನಿದ್ದೀಯಲ್ಲ" ಎಂದರು. ಆ ಕೊನೆಯ ಮಾತನ್ನು ಹೊತ್ತುಕೊಂಡು ಅವಳು ಮೆಟ್ಟಿಲು ಹತ್ತಿದಳು.

ಮಾಳಿಗೆಯ ಮೇಲೆ ಅಡುಗೆಯವರಿಗೆಂದು ಕಬ್ಬಿಣದ ಕಂಬ ನೆಟ್ಟು ತಗಡು ಹೊದಿಸಿದ್ದರು. ಪಕ್ಕದಲ್ಲಿ ಜನರೇಟರು ಗುಡುಗುಟ್ಟುತ್ತಿತ್ತು. ಸುತ್ತ ಸೀರಿಯಲ್ ಲೈಟು. ಗಂಡು ಗಿರಿ, ಹೆಣ್ಣು ಶ್ಯಾಮಲ, ಪಾಪಕ್ಕ, ಪುರೋಹಿತರು, ನೆಂಟರು ಒತ್ತೊತ್ತಾಗಿ ನಿಂತರು. ಪೆರುಮಾಳ ತನ್ನ ದೊಡ್ಡ ಫೋನು ಎತ್ತಿ ಹಿಡಿದು ಅರುಂಧತಿ ಎಂದು ಬರೆದ. ಹಸಿರು ಬಾಣ ಎದ್ದಿತು. ಅವನು ತಿರುಗಿದ, ಜೊತೆಗೆ ಎಲ್ಲರೂ ತಿರುಗಿದರು. ಬಾಣ ಇನ್ನೂ ಬಲಕ್ಕೆ ಎಂದಿತು, ಮತ್ತೆ ತಿರುಗಿದರು. ಕಡೆಗೆ ಕೆಜಿಎಫ್ ಕಡೆಗೆ ಮುಖ ಮಾಡಿ ನಿಂತಾಗ ಪರದೆಯಲ್ಲಿ ಉಂಗುರ ಬಂತು.

"ಅದೋ!" ಎಂದ ಪೆರುಮಾಳ. "ಎಲ್ಲಾರೂ ನೋಡಿ, ತೆರಿಯುದಾ?"

ಲಿಖಿತ ಮನಸ್ಸಿನಲ್ಲೇ ದಿಕ್ಕು ಲೆಕ್ಕ ಹಾಕಿದಳು. ಈ ಹೊತ್ತಿಗೆ ಅರುಂಧತಿ ಇರಬೇಕಾದದ್ದು ಬಡಗಣದಲ್ಲಿ, ಕೋಲಾರದ ರಸ್ತೆಯ ಕಡೆ ಮುಖ ಮಾಡಿ ಒಂದಿಷ್ಟು ಬಲಕ್ಕೆ. ಇದು ಮೂಡಣಕ್ಕೆ ಬಂದು ನಿಂತಿದೆ. ಕಂಬ, ತಗಡು, ಜನರೇಟರು. ಉಂಗುರದ ಕಡೆ ನೋಡಿದಳು. ಮಬ್ಬಿನಲ್ಲಿ ಕೆಂಪಗೆ ಒಂದು ಚುಕ್ಕೆ ಹೊತ್ತಿ ಆರುತ್ತಿತ್ತು. ಮೊಬೈಲ್ ಟವರಿನ ದೀಪ.

"ಅಮ್ಮಯ್ಯ, ಎಂಗೆ ಮಿನುಗ್ತಾ ಅದೆ!" ಎಂದಳು ಪಾಪಕ್ಕ, ಕೈ ಮುಗಿದು. "ಕುಂಕುಮದಂಗೆ ಕೆಂಪಗಿದ್ದಾಳೆ ತಾಯಿ."

"ಕಾಣ್ತು, ಕಾಣ್ತು" ಎಂದರು ನೆಂಟರು. "ಕನಪಡಿಂದಿ" ಎಂದು ತೆಲುಗಿನಲ್ಲಿ ಗಡಿಯ ಕಡೆಯವರು ಯಾರೋ. ಗಿರಿ ಆಗಲೇ ಕಂಡೆ ಎಂದು ಊಟದ ಮನೆಯ ಕಡೆ ಕಣ್ಣು ಹಾಕಿದ್ದ. ಫೋಟೋದವನು ಎಲ್ಲರ ಬೆರಳೂ ಒಂದೇ ಕಡೆ ಇರಲಿ ಎಂದು ಕೂಗುತ್ತಿದ್ದ.

ಶ್ಯಾಮಲ ಮಾತ್ರ ಇನ್ನೂ ಆ ಕಡೆಯೇ ದಿಟ್ಟಿಸುತ್ತಿದ್ದಳು.

"ಏನಮ್ಮಣ್ಣಿ, ಕಂಡ್ಯಾ?" ಪಾಪಕ್ಕ ಸೊಸೆಯ ಗದ್ದ ಹಿಡಿದು ಎತ್ತಿದಳು. "ಬಾಯ್ಬಿಟ್ಟು ಏಳ್ಬೇಕು."

"ಅದು... ಟವರ್ ಲೈಟ್ ಅಲ್ವಾ ಅತ್ತೆ?"

ಯಾರೋ ಕಿಸಕ್ಕೆಂದರು. ಪಾಪಕ್ಕನ ಕೈ ಗದ್ದದಿಂದ ಜಾರಿತು. "ಎಲ್ಲಾರ್ಗೂ ಕಂಡಿದ್ದು ನಿಂಗ್ಯಾಕೆ ಕಾಣ್ಲಿಲ್ಲ? ಸರಿಯಾಗ್ ನೋಡು. ಕಾಣ್ಲಿಲ್ಲ ಅನ್ಬೇಡ್ವೇ, ಇಂಥ ಒತ್ನಲ್ಲಿ." ಸಿಟ್ಟಿಗಿಂತ ಹೆದರಿಕೆಯೇ ಆ ದನಿಯಲ್ಲಿ ಹೆಚ್ಚಿತ್ತು. ಬಚ್ಚಪ್ಪನ ಮುಖ ಬಿಳಿಚಿಕೊಂಡಿತ್ತು. ಅವನು ಲಿಖಿತಳ ಕಡೆ ನೋಡಿದ, ಆರಿಸಿದವಳು ನೀನಲ್ಲವೇ ಎನ್ನುವ ಹಾಗೆ. ಪೆರುಮಾಳ ಫೋನನ್ನು ಗಾಳಿಯಲ್ಲಿ ಎಂಟು ಎಂಟಾಗಿ ಆಡಿಸತೊಡಗಿದ. ಉಂಗುರ ಟವರು ಬಿಟ್ಟು ಜನರೇಟರಿನ ಮೇಲೆ ಹೋಗಿ ಕೂತಿತು.

"ನಂಗೆ ಕಾಣ್ತಿಲ್ಲ" ಎಂದಳು ಶ್ಯಾಮಲ. ಮದುವಣಗಿತ್ತಿ ಅಳಬಾರದೆಂದು ತುಟಿ ಕಚ್ಚಿ ಹಿಡಿದಿದ್ದಳು. ಅವಳು ಒಬ್ಬೊಬ್ಬರ ಮುಖ ನೋಡುತ್ತ ಬಂದು ಲಿಖಿತಳ ಮುಖದ ಮೇಲೆ ನಿಂತಳು. "ಲಿಖೀ, ನೀನೇ ಏಳು. ನಿಂಗೆ ಕಾಣ್ತಾ? ತಮಿಳು ಬೇಡ. ಕಾಣ್ತೋ ಇಲ್ವೋ, ಏಳು."

ಹೇಳಲು ಎಷ್ಟೋ ಮಾತಿತ್ತು. ಆಪ್‌ನ ತಪ್ಪು, ಕಬ್ಬಿಣದ ತಪ್ಪು, ಅರುಂಧತಿ ಇರುವುದು ಆ ಕಡೆ ಎಂದು ಬೆರಳು ತೋರಿಸಬಹುದಿತ್ತು. ಎಲ್ಲರೂ ಆ ಕಡೆ ತಿರುಗಿ ಮತ್ತೆ ಕಾಣ್ತು ಕಾಣ್ತು ಎನ್ನುತ್ತಿದ್ದರು. ಈ ಲೈಟಿನ ನಡುವೆ ಶ್ಯಾಮಲಳಿಗೆ ಆಗಲೂ ಕಾಣದೆ ಹೋದರೆ? ಅವಳೊಬ್ಬಳೇ ಕಾಣದವಳಾಗಿ ಆ ಆರು ತಿಂಗಳನ್ನು ಸೆರಗಿಗೆ ಕಟ್ಟಿಕೊಂಡು ಗಂಡನ ಮನೆಗೆ ಹೋಗಬೇಕು. ಲಿಖಿತಳಿಗೆ ಒಮ್ಮೆಗೇ ಬಹಳ ಸುಸ್ತಾಯಿತು. ವರ್ಷದಿಂದ ಕಣ್ಣು ಅಗಲ ಬಿಟ್ಟುಕೊಂಡು ನಿಂತ ಸುಸ್ತು. ಮೆಟ್ಟಿಲ ಹತ್ತಿರ ಹಸಿರು ಬಣ್ಣದ ಒಂದು ಮಬ್ಬು, ಅದರ ಪಕ್ಕ ಇನ್ನೊಂದೆರಡು ಮಬ್ಬು: ಅಮ್ಮ ಇರಬೇಕು, ಬೇತಮಂಗಲದವರೂ ಇರಬೇಕು. ಯಾರೆಂದು ತಿಳಿಯಲು ಅವಳು ಕಣ್ಣು ಕಿರಿದು ಮಾಡಿದಳು. ಕಿರಿದು ಮಾಡಿಕೊಂಡೇ ನೋಡಿದಳು.

"ಇಲ್ಲ ಶ್ಯಾಮಲಕ್ಕ," ಎಂದಳು. ಜನರೇಟರಿನ ಸದ್ದಿಗೆ ತನ್ನ ಮಾತು ಮುಳುಗದಿರಲೆಂದು ಇನ್ನೂ ಗಟ್ಟಿಯಾಗಿ, ಪಾಪಕ್ಕನಿಗೂ ಕೇಳುವ ಹಾಗೆ ಹೇಳಿದಳು: "ನಂಗೆ ಅರುಂಧತಿ ಕಾಣಲ್ಲ. ಹೋದ ವರ್ಷದಿಂದ ನೋಡ್ತಾ ಇದ್ದೀನಿ, ಒಂದ್ ದಿನಾನೂ ಕಂಡಿಲ್ಲ."